ಹಿಂದಿನ ಶಾಕ್ ಬದಲಿಸುವ ಮುನ್ನ: ತುಮಕೂರಿನಿಂದ ಒಂದು ಎಚ್ಚರಿಕೆ

ತಾವೇ ಕಟ್ಟಿಕೊಂಡ ಕಾರಿಗೋ, ಬಗ್ಗಿಗೋ, ಹಳೆಯ ಜೀಪಿಗೋ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸಬೇಕೆಂದಿರುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಹಳೆಯದಕ್ಕಿಂತ ಎಷ್ಟೋ ಉತ್ತಮ ಎಂದು ಹೇಳಿ ಮಾರಿದ ಒಂದು ಜೊತೆ ಶಾಕ್, ಅದನ್ನು ಕೂರಿಸುವುದಕ್ಕಾಗಿ ನನ್ನನ್ನು ಕೇಳದೆ ಜಾಗ ಬದಲಿಸಿದ ಬ್ರಾಕೆಟ್ (ಶಾಕನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಲೋಹದ ತುಂಡು), ಇವೆರಡೂ ಸೇರಿ ನಮ್ಮ ಕಾರಿನ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಒಂದು ಪಕ್ಕಕ್ಕೆ ಕಳಚಿಕೊಳ್ಳುವ ಸ್ಥಿತಿ ತಂದವು. ಆಗ ನನ್ನ ಭಾವಮೈದುನ ಪಕ್ಕದಲ್ಲಿ ಕುಳಿತಿದ್ದ. ಇಬ್ಬರಿಗೂ ಪೆಟ್ಟಾಗದೆ ಉಳಿದದ್ದಕ್ಕೆ ವೇಗ ಕಡಿಮೆಯಿತ್ತೆಂಬುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ.

ಕಾರಿನ ವಿಷಯ ಸ್ವಲ್ಪ ಹೇಳಬೇಕು. ಬ್ರಿಟನ್ನಿನ ಲೋಟಸ್ ಸಂಸ್ಥೆ 1957ರಲ್ಲಿ ತಂದ ಸೆವೆನ್ ಎಂಬ ಎರಡು ಸೀಟಿನ ಕಾರನ್ನು ಗ್ರಾಹಕರೇ ಮನೆಯಲ್ಲಿ ಜೋಡಿಸಿಕೊಳ್ಳುವ ಕಿಟ್ ರೂಪದಲ್ಲೂ ಮಾರುತ್ತಿತ್ತು. ಅದೇ ಬಗೆಯ ಪೈಪ್ ಚಾಸಿಯ (ಪೈಪಿನ ಚೌಕಟ್ಟಿನ) ಕಾರು ನಮ್ಮದು. ಗುಜರಿ ಸೇರಿದ್ದ ಓಮ್ನಿಯ 796 ಸಿಸಿ ಎಂಜಿನ್, ಗೇರ್ ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಅದಕ್ಕಿದೆ. ಓಮ್ನಿಯ ಕಮಾನು ಪಟ್ಟಿಗಳನ್ನು ತೆಗೆದು, ಆಕ್ಸಲ್ಲನ್ನು ಉದ್ದ ರಾಡುಗಳಿಂದಲೂ ಅಡ್ಡಕ್ಕೆ ಒಂದು ರಾಡಿನಿಂದಲೂ ಹಿಡಿದು, ಭಾರ ಹೊರಲು ಎರಡು ಕಡೆ ಸ್ಪ್ರಿಂಗ್ ಸುತ್ತಿದ ಶಾಕ್ ಹಾಕಲಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನಂತೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ಗುಬ್ಬಿ ಕಡೆಯ ನಮ್ಮ ತೆಂಗಿನ ತೋಟದ ದಾರಿಯೇ ಅದರ ಓಡಾಟದ ಜಾಗ. ಇಂಥ ಕಾರಿನ ಹಿಂಭಾಗ ಬಲು ಹಗುರ. ಅದಕ್ಕೆ ಯಾವ ಶಾಕ್ ಸರಿ ಎಂಬುದು ಅಂಗಡಿಯ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ, ಅಳೆದೇ ತಿಳಿಯಬೇಕು.

ಅಳತೆಗಳನ್ನು ನಾನು ತೆಗೆದಿದ್ದೆ. ಇಬ್ಬರು ಕುಳಿತಾಗ ಶಾಕಿನ ಮೇಲಿನ ಕಣ್ಣಿನಿಂದ (ಬೋಲ್ಟ್ ತೂರುವ ರಂಧ್ರದಿಂದ) ಕೆಳಗಿನ ಕಣ್ಣಿಗೆ ಎಷ್ಟು ದೂರ, ಚಕ್ರ ಪೂರ್ತಿ ಮೇಲೆದ್ದಾಗ ಎಷ್ಟು, ಪೂರ್ತಿ ಕೆಳಗಿಳಿದಾಗ ಎಷ್ಟು, ವೇ ಬ್ರಿಡ್ಜಿನ ಮೇಲೆ ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿದಾಗ ತೂಕ ಎಷ್ಟು ಎಂಬುದನ್ನೆಲ್ಲ ಬರೆದು ಬೆಂಗಳೂರಿನ ಒಬ್ಬ ಬಿಡಿಭಾಗ ವ್ಯಾಪಾರಿಗೆ ಕೊಟ್ಟೆ. ಹಣ ಪಡೆದ ಮೇಲೆ ಆತ ಕಳಿಸಿದ್ದು ಆ ಚೀಟಿಯಲ್ಲಿದ್ದುದಕ್ಕಿಂತ ಮೂರು ಇಂಚಿಗೂ ಹೆಚ್ಚು ಉದ್ದದ ಶಾಕ್. ಪೆಟ್ಟಿಗೆಯ ಮೇಲೆ ಮಾತ್ರ ‘ಗ್ಯಾಸ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ವಾಪಸ್ ಕಳಿಸುತ್ತೇನೆಂದರೆ, ಒಮ್ಮೆ ಕಟ್ಟು ಬಿಚ್ಚಿದ ಮಾಲನ್ನು ತೆಗೆದುಕೊಳ್ಳುವುದಿಲ್ಲವೆಂದೂ ಒಳ್ಳೆಯ ಮೆಕ್ಯಾನಿಕ್ ಆದರೆ ಹೊಂದಿಸಿಕೊಡುತ್ತಾನೆಂದೂ ಉತ್ತರ ಬಂತು.

ಹೊಂದಿಸಲು ಸಾಧ್ಯವೇ ಎಂದು ನೋಡಿ ಹೇಳಿರೆಂದು ತುಮಕೂರಿನ ಒಂದು ವರ್ಕ್‌ಶಾಪಿಗೆ ಕಾರನ್ನು ಲಾರಿಯಲ್ಲಿ ಕಳಿಸಿಕೊಟ್ಟೆ. ನೋಡಿ ಹೇಳುವ ಬದಲು ಅವರು ಕೆಲಸವನ್ನೇ ಮುಗಿಸಿಟ್ಟಿದ್ದರು. ಮೇಲಿನ ಬ್ರಾಕೆಟ್ಟನ್ನು ಕತ್ತರಿಸಿ, ಚಾಸಿಯ ಅಡ್ಡ ಪೈಪಿನ ಮೇಲೆ ಒಳಗಡೆಗೆ ಸರಿಸಿ ವೆಲ್ಡ್ ಮಾಡಿದ್ದರು. ನೆಟ್ಟಗೆ ನಿಂತಿರಬೇಕಾದ ಶಾಕ್ ಸುಮಾರು 45 ಡಿಗ್ರಿ ವಾಲಿಕೊಂಡಿತ್ತು. ಕಾರಿನ ಹಿಂಭಾಗ ಆಗಲೇ ತಗ್ಗಿತ್ತು. ಇದೇಕೆಂದು ಕೇಳಿದ್ದಕ್ಕೆ ಅಲ್ಲಿನ ಹಿರಿಯ ಮೆಕ್ಯಾನಿಕ್, “ಏನೂ ಆಗಲ್ಲ ಸಾರ್, ಕಾಲರ್ ನಾಲ್ಕು ಸುತ್ತು ಟೈಟ್ ಮಾಡಿದ್ರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ, ತಾನೇ ಎತ್ಕೊಳುತ್ತೆ” ಎಂದರು. ಈ ಒಂದು ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ, ಮತ್ತು ಎರಡೂ ನಮ್ಮ ಗ್ಯಾರೇಜುಗಳಲ್ಲಿ ತುಂಬ ಹರಡಿವೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ವಿವರಿಸುತ್ತೇನೆ.

ಮೊದಲನೆಯದು ವಾಲುವಿಕೆಯ ಲೆಕ್ಕ. ಶಾಕ್ ವಾಲಿದಷ್ಟೂ ಚಕ್ರಕ್ಕೆ ಸಿಗುವ ಸ್ಪ್ರಿಂಗಿನ ಗಟ್ಟಿತನ ಆ ಕೋನದ ಕೊಸೈನಿನ ವರ್ಗದಷ್ಟಕ್ಕೆ ಇಳಿಯುತ್ತದೆ. ಮಿಲಿಮೀಟರಿಗೆ 4 ಕೆಜಿಯ, ಅಂದರೆ ಒಂದು ಮಿಲಿಮೀಟರ್ ಕುಗ್ಗಿಸಲು 4 ಕೆಜಿ ಭಾರ ಬೇಕಾಗುವ, ಸ್ಪ್ರಿಂಗನ್ನು ನೆಟ್ಟಗೆ ನಿಲ್ಲಿಸಿದರೆ 4 ಕೆಜಿಯೇ ಸಿಗುತ್ತದೆ, 30 ಡಿಗ್ರಿ ವಾಲಿಸಿದರೆ 3, 45 ಡಿಗ್ರಿಗೆ ಬರೀ 2. ಶಾಕಿನ ಒಳಗಿನ ಎಣ್ಣೆಯ ಹಿಡಿತವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಗಟ್ಟಿತನ ಹೀಗೆ ಅರ್ಧಕ್ಕಿಳಿದರೂ ಬ್ರಾಕೆಟ್ಟಿನ ಮೇಲಿನ ಹೊರೆ ಇಳಿಯುವುದಿಲ್ಲ, ಏರುತ್ತದೆ. ಒಂದು ಪಕ್ಕದಲ್ಲಿ 100 ಕೆಜಿ ಎತ್ತಿಹಿಡಿಯಬೇಕಾದರೆ 45 ಡಿಗ್ರಿ ವಾಲಿದ ಶಾಕಿನ ಉದ್ದಕ್ಕೂ ಸುಮಾರು 141 ಕೆಜಿ ಒತ್ತಡ ಬೀಳುತ್ತದೆ, ಅದರಲ್ಲಿ 100 ಕೆಜಿಯಷ್ಟು ಚಾಸಿಯನ್ನು ಅಡ್ಡಕ್ಕೆ ತಳ್ಳುವುದಕ್ಕೇ ವ್ಯರ್ಥವಾಗುತ್ತದೆ. ಇದು ಕಾರು ನಿಂತಿರುವಾಗಿನ ಲೆಕ್ಕ. ಗುಂಡಿಗೆ ಇಳಿದು ಹತ್ತುವಾಗ ಇದರ ಹಲವು ಪಟ್ಟು ಬೀಳುತ್ತದೆ.

ಎರಡನೆಯದು ಕಾಲರ್. ಶಾಕಿನ ಮೈಮೇಲಿನ ಆ ದೊಡ್ಡ ನಟ್ಟನ್ನು ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಸ್ಪ್ರಿಂಗಿನ ಗಟ್ಟಿತನವನ್ನು ಅದರ ತಂತಿಯ ದಪ್ಪ, ಸುತ್ತಿನ ಅಗಲ ಮತ್ತು ಸುತ್ತುಗಳ ಸಂಖ್ಯೆ ನಿರ್ಧರಿಸುತ್ತವೆ. ಕಾಲರ್ ಮಾಡುವುದು ಕಾರನ್ನು ಎತ್ತರಿಸುವ ಕೆಲಸವನ್ನಷ್ಟೇ, ಮತ್ತು ಎತ್ತರಿಸಿದಷ್ಟೂ ಚಕ್ರ ಕೆಳಗಿಳಿಯಲು ಉಳಿದಿರುವ ಅಂತರ ಕಡಿಮೆಯಾಗುತ್ತದೆ. ನಮ್ಮ ಕಾರಿನಲ್ಲಿ ಅದು ಒಂದು ಇಂಚೂ ಉಳಿದಿರಲಿಲ್ಲ. ಸಣ್ಣ ತಗ್ಗಿಗೂ ಶಾಕಿನ ರಾಡು ತನ್ನ ಕೊನೆ ಮುಟ್ಟಿ, ಅಷ್ಟು ತೂಕದ ಆಕ್ಸಲ್ ಆ ರಾಡಿಗೆ ಜೋತುಬಿದ್ದು, ‘ಟಕ್’ ಎಂಬ ಸದ್ದು ಹಿಂದಿನಿಂದ ಕೇಳುತ್ತಿತ್ತು. ಆ ಸದ್ದನ್ನು ಹೇಳಿದಾಗ ವರ್ಕ್‌ಶಾಪಿನವರು ಹೊಸ ಬುಷ್ (ಶಾಕಿನ ಕಣ್ಣಿನೊಳಗಿನ ರಬ್ಬರ್ ಉಂಗುರ) ಕೂರುವವರೆಗೆ ಹಾಗೇ ಎಂದರು. ಹೊಸ ಬುಷ್ಷಿನಿಂದ ಅಂಥ ಲೋಹದ ಸದ್ದು ಬರುವುದಿಲ್ಲ. ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು.

ತೋಟದ ಇಳಿಜಾರಿನಲ್ಲಿ ಬದುವಿನ ಪಕ್ಕದ ಕಾಲುವೆ ದಾಟುವಾಗ ಬಲಗಡೆಯ ಮೇಲಿನ ಬ್ರಾಕೆಟ್ ಕಿತ್ತುಬಂತು. ಹಿಂಭಾಗ ಒಮ್ಮೆಲೇ ಕುಸಿಯಿತು, ಟೈರು ಪೈಪಿಗೆ ಉಜ್ಜಿ ಹೊಗೆಯೆದ್ದಿತು, ಸ್ಟಿಯರಿಂಗ್ ತಿರುಗಿಸದಿದ್ದರೂ ಕಾರು ಎಡಕ್ಕೆ ಎಳೆಯಿತು. ಇಳಿದು ಕೆಳಗೆ ಬಗ್ಗಿ ನೋಡಿದಾಗ ಆಕ್ಸಲ್ಲಿಗೆ ಹೋಗುವ ಬ್ರೇಕ್ ಹೋಸ್ ತಂತಿಯಂತೆ ಬಿಗಿದುಕೊಂಡು, ರಬ್ಬರ್ ಸೀಳಿ, ಒಳಗಿನ ನೂಲಿನ ಹೆಣಿಗೆ ಬೆಳ್ಳಗೆ ಕಾಣುತ್ತಿತ್ತು. ಅದು ಹರಿದಿದ್ದರೆ ಆ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಇರುತ್ತಿರಲಿಲ್ಲ. ಶಾಕ್ ಬದಲಿಸುವವರು ಬ್ರೇಕ್ ಹೋಸನ್ನೂ ಗೇರ್ ಬಾಕ್ಸಿನಿಂದ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾರುವ ಜಾಯಿಂಟನ್ನೂ ಚಕ್ರ ಪೂರ್ತಿ ಇಳಿಬಿಟ್ಟು ನೋಡಲೇಬೇಕಾದದ್ದು ಈ ಕಾರಣಕ್ಕೆ. ಚಕ್ರ ಎಷ್ಟು ಕೆಳಗೆ ಜೋತುಬೀಳಬಹುದೆಂಬುದನ್ನು ಇಂಥ ಕಾರುಗಳಲ್ಲಿ ಶಾಕಿನ ಉದ್ದವೇ ನಿರ್ಧರಿಸುತ್ತದೆ.

ಕಿತ್ತುಬಂದ ಬ್ರಾಕೆಟ್ ನನ್ನ ಬಳಿ ಇದೆ. ವೆಲ್ಡಿಂಗಿನ ಗೆರೆ ಮೇಲಿನಿಂದ ನೋಡಲು ದಪ್ಪವಾಗಿ, ಅಚ್ಚುಕಟ್ಟಾಗಿಯೇ ಇದೆ, ಆದರೆ ತಿರುಗಿಸಿದರೆ ಅದರ ಅಡಿಯಲ್ಲಿ ಪೈಪಿನ ಹಳೆಯ ಬಣ್ಣ ಸುಟ್ಟ ಕಲೆಯಾಗಿ ಅಂಟಿಕೊಂಡಿದೆ. ಬಣ್ಣ ಕೆರೆಯದೆ ವೆಲ್ಡ್ ಮಾಡಿದ್ದರಿಂದ ಲೋಹ ಪೈಪಿನೊಳಕ್ಕೆ ಇಳಿದೇ ಇಲ್ಲ, ಮೇಲೆ ಕುಳಿತಿದೆ ಅಷ್ಟೆ. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆಯಿದೆ. ಅಂದರೆ ಬಿರುಕು ಆ ದಿನದ್ದಲ್ಲ, ಮೊದಲೇ ಬಿಟ್ಟು ನೀರು ಕುಡಿದಿತ್ತು. ಬೋಲ್ಟನ್ನು ಎರಡು ಕಿವಿಗಳ (ಎರಡು ಪಕ್ಕದ ತಗಡುಗಳ) ನಡುವೆ ಹಿಡಿಸದೆ ಒಂದೇ ತಗಡಿನಿಂದ ಹೊರಚಾಚಿಸಿದ್ದರು, ಅದು ಬಾಗಿದೆ. ತಲೆಯ ಮೇಲೆ ಯಾವ ಅಂಕಿಯೂ ಇಲ್ಲ. ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಕೊರೆದಿರುತ್ತದೆ. ಶಾಕ್ ಹಿಡಿಯುವ ಜಾಗಕ್ಕೆ ಅಂಕಿಯಿಲ್ಲದ ಬೋಲ್ಟನ್ನು ಯಾರೇ ಹಾಕಿದರೂ ಒಪ್ಪಬೇಡಿ.

ಬಳಿಕ ಬೇರೊಬ್ಬ ಅನುಭವಿ ಲೇತ್ ಕೆಲಸಗಾರರಲ್ಲಿ ಶಾಕಿನ ಸ್ಪ್ರಿಂಗನ್ನು ಕಳಚಿಸಿದೆ. ಗ್ಯಾಸ್ ತುಂಬಿದ ಶಾಕಿನ ರಾಡನ್ನು ಒಳಗೆ ಒತ್ತಿ ಕೈಬಿಟ್ಟರೆ ಅದು ತಾನೇ ನಿಧಾನವಾಗಿ ಹೊರಬರಬೇಕು. ನಮ್ಮದು ಒತ್ತಿದಲ್ಲೇ ನಿಂತಿತು, ಮೊದಲ ಅರ್ಧ ಇಂಚು ಯಾವ ತಡೆಯೂ ಇಲ್ಲದೆ ಸರಿಯಿತು. ಅದು ಗ್ಯಾಸ್ ಇಲ್ಲದ, ಎರಡು ಕೊಳವೆಯ ಸಾಮಾನ್ಯ ಶಾಕ್. ಅಂಥದ್ದನ್ನು ಬಹಳ ವಾಲಿಸಿ ಕೂರಿಸಿದರೆ ಹೊರ ಕೊಳವೆಯ ಗಾಳಿ ಎಣ್ಣೆಯೊಳಗೆ ಸೇರಿ, ಎಣ್ಣೆ ನೊರೆಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಒಂದೇ ಕೊಳವೆಯ ಗ್ಯಾಸ್ ಶಾಕನ್ನಾದರೆ ಯಾವ ಕೋನದಲ್ಲೂ ಕೂರಿಸಬಹುದು, ಆದರೆ ಹಣ ಅದಕ್ಕೆ ಪಡೆದು ಮಾಲು ಇದನ್ನು ಕೊಟ್ಟಿದ್ದಾರೆ. ಈ ಮೋಸವನ್ನು ನಾನು ಸುಲಭಕ್ಕೆ ಬಿಡುವವನಲ್ಲ. ಒಂದು ಚಿಕ್ಕ ಮಾತು: ಸ್ಪ್ರಿಂಗಿನ ಮೇಲಿನ ಅಂಕಿ ಕೆಜಿಯದ್ದೋ ಪೌಂಡಿನದ್ದೋ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಮಿಲಿಮೀಟರಿಗೆ 1 ಕೆಜಿ ಎಂದರೆ ಇಂಚಿಗೆ 56 ಪೌಂಡು.

ಈಗ ಬ್ರಾಕೆಟ್ಟುಗಳನ್ನು ಮೂಲ ಜಾಗದಲ್ಲೇ, ಬಣ್ಣ ಕೆರೆದು, ಎರಡು ಕಿವಿಗಳೊಡನೆ, ಪೈಪಿಗೆ ಆನಿಕೆ ತಗಡು ಕೊಟ್ಟು ಹೊಸದಾಗಿ ಮಾಡಿಸಿದ್ದೇನೆ. ಚೀಟಿಯಲ್ಲಿದ್ದ ಅಳತೆಯ ಶಾಕ್ ಬೇರೆ ಕಡೆ ಸಿಕ್ಕಿತು. ಚಕ್ರ ಪೂರ್ತಿ ಮೇಲೆದ್ದಾಗ ಶಾಕ್ ಮುಚ್ಚಿಕೊಳ್ಳುವ ಮೊದಲೇ ರಬ್ಬರ್ ಸ್ಟಾಪರ್ ಮುಟ್ಟುತ್ತದೆಯೇ ಎಂಬುದನ್ನು ಸ್ಪ್ರಿಂಗ್ ಇಲ್ಲದೆ ಬರೀ ಶಾಕ್ ಕೂರಿಸಿ, ಜಾಕ್ ಏರಿಸಿ ಇಳಿಸಿ ನೋಡಿದ ಮೇಲೆಯೇ ಕಾರು ನೆಲ ಮುಟ್ಟಿತು.

ವ್ಯಾಪಾರಿಯ ಈಗಿನ ವಾದವೆಂದರೆ, ನೋಂದಣಿಯಿಲ್ಲದ ಗಾಡಿಗೆ ಹಾಕಿದ ಮಾಲಿಗೆ ದೂರು ನಡೆಯದು ಎಂಬುದು. ನನ್ನ ದೂರು ಗಾಡಿಯದ್ದಲ್ಲ, ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಎಂಬುದರ ಮೇಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು, ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು, ಮತ್ತು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಬಿಲ್ಲು, ಪೆಟ್ಟಿಗೆ, ಅಳತೆ ಚೀಟಿಯ ಪ್ರತಿ, ಮುರಿದ ಬ್ರಾಕೆಟ್ ಎಲ್ಲವನ್ನೂ ತೆಗೆದಿರಿಸಿದ್ದೇನೆ. ತುಮಕೂರಿನ ಆಯೋಗಕ್ಕೆ ದೂರು ಸಿದ್ಧವಾಗುತ್ತಿದೆ.

ಶಾಕನ್ನು ಹೀಗೆ ಒಳಕ್ಕೆ ವಾಲಿಸಿ ಕೂರಿಸಿಕೊಂಡಿರುವವರು ನಮ್ಮ ಕಡೆ ಇನ್ನೂ ಇದ್ದಾರೆ, ಕೆಲವು ಜೀಪುಗಳನ್ನು ನಾನೇ ನೋಡಿದ್ದೇನೆ. ಅವರು ಮುಂದಿನ ಸಲ ಗಾಡಿ ತೆಗೆಯುವ ಮೊದಲು ಹಿಂಭಾಗವನ್ನು ಜಾಕಿನಿಂದ ಎತ್ತಿ, ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಮೇಲಿನ ಬ್ರಾಕೆಟ್ಟಿನ ಕೆಸರು ತೊಳೆದು, ವೆಲ್ಡಿಂಗಿನ ಅಂಚನ್ನು ಟಾರ್ಚ್ ಹಿಡಿದು ಸುತ್ತಲೂ ನೋಡಬೇಕು. ಬಣ್ಣ ಒಡೆದಿರುವ ಜಾಗದಲ್ಲಿ ತುಕ್ಕಿನ ಸಣ್ಣ ಗೆರೆ ಕಂಡರೂ ಅದನ್ನು ಬಿರುಕೆಂದೇ ತಿಳಿದು, ಬೆಸುಗೆ ಹೊಸದಾಗಿ ಆಗುವವರೆಗೆ ಗಾಡಿಯನ್ನು ಓಡಿಸಬಾರದು.