ಆಲ್ಬರ್ಗ್ 30: ಹಲವು ವರ್ಷ ಓಡಿಸಿದ ಮೇಲೆ ನನ್ನ ಅನಿಸಿಕೆ

ಹಳೆಯ ಆಲ್ಬರ್ಗ್ 30 ಹಾಯಿದೋಣಿ ತಗೊಳ್ಳಬಹುದಾ ಅಂತ ಟೊರೊಂಟೊದ ಗೆಳೆಯರು ಕೇಳುತ್ತಿರುತ್ತಾರೆ. ಖಂಡಿತ ತಗೊಳ್ಳಿ. ಆದರೆ ಒಳಗಿನ ಜಾಗ ನೋಡಿ ತಗೊಳ್ಳಬೇಡಿ, ಅಲೆಯಲ್ಲಿ ಅದು ಸಾಗುವ ರೀತಿ ನೋಡಿ ತಗೊಳ್ಳಿ. ನನ್ನದು ಎಪ್ಪತ್ತರ ದಶಕದ್ದು. ಒಂಟಾರಿಯೋ ಸರೋವರದಲ್ಲಿ ಮೇ ತಿಂಗಳಿಗೆ ನೀರಿಗಿಳಿಸಿದರೆ ಅಕ್ಟೋಬರ್‌ವರೆಗೆ ಓಡಿಸುತ್ತೇನೆ.

ಇದರ ವಿನ್ಯಾಸ ಕಾರ್ಲ್ ಆಲ್ಬರ್ಗ್ ಅವರದು. ಸ್ವೀಡನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. 1959ರಲ್ಲಿ ಬಂದ ಪಿಯರ್ಸನ್ ಟ್ರೈಟನ್ ಅನ್ನುವ ಹಾಯಿದೋಣಿಯ ವಿನ್ಯಾಸ ಕೂಡ ಅವರದ್ದೇ. ಆಲ್ಬರ್ಗ್ 30 ತಯಾರಾಗಿದ್ದು ನಮ್ಮ ಒಂಟಾರಿಯೋದಲ್ಲೇ, ವಿಟ್ಬಿ ಬೋಟ್ ವರ್ಕ್ಸ್‌ನಲ್ಲಿ. 1962ರಲ್ಲಿ ಶುರುವಾಗಿ ಎಂಬತ್ತರ ದಶಕದವರೆಗೆ 700ಕ್ಕೂ ಹೆಚ್ಚು ದೋಣಿಗಳು ಬಂದವು.

ಒಟ್ಟು ಉದ್ದ 30 ಅಡಿ 3 ಇಂಚು. ನೀರಿನ ಮಟ್ಟದಲ್ಲಿ ಅಳೆದರೆ ಬರೀ 21 ಅಡಿ 8 ಇಂಚು. ಉಳಿದದ್ದೆಲ್ಲ ಮುಂದೆ ಮತ್ತು ಹಿಂದೆ ನೀರಿನ ಮೇಲೆ ಚಾಚಿಕೊಂಡಿದೆ. ಆ ಕಾಲದ ಅಮೆರಿಕದ ರೇಸ್ ನಿಯಮಗಳಲ್ಲಿ, ನಿಂತ ದೋಣಿಯ ನೀರಿನ ಮಟ್ಟದ ಉದ್ದ ಕಡಿಮೆ ಇದ್ದಷ್ಟೂ ಲಾಭವಿತ್ತು. ಗಾಳಿಗೆ ವಾಲಿದಾಗ ಚಾಚಿದ ಭಾಗವೂ ನೀರಿಗೆ ಇಳಿಯುತ್ತದೆ, ಆಗ ವೇಗ ಸಿಗುತ್ತದೆ. ಅಷ್ಟಾದರೂ 6 ನಾಟ್‌ಗಿಂತ (ಗಂಟೆಗೆ ಸುಮಾರು 11 ಕಿ.ಮೀ.) ಹೆಚ್ಚು ನಿರೀಕ್ಷಿಸಬೇಡಿ. ಈಗಿನ ದೋಣಿಗಳು ಪಕ್ಕದಲ್ಲೇ ದಾಟಿ ಹೋಗುತ್ತವೆ.

ಹೊಸಬರು ಹೆದರುವುದು ಈ ವಾಲುವಿಕೆಗೇ. ಗಾಳಿ ಸ್ವಲ್ಪ ಜಾಸ್ತಿಯಾದರೂ ಸರಸರನೆ ವಾಲುತ್ತದೆ. 20 ಡಿಗ್ರಿ ಹತ್ತಿರ ಬಂದ ಮೇಲೆ ಗಟ್ಟಿಯಾಗಿ ನಿಂತುಬಿಡುತ್ತದೆ, ಇನ್ನು ಅಲುಗಿಸುವುದೇ ಕಷ್ಟ. ಸುಮಾರು 4,000 ಕಿಲೋ ತೂಕದ ದೋಣಿಯಲ್ಲಿ 1,500 ಕಿಲೋದಷ್ಟು ಭಾರ ಕೆಳಗೆ ಕೀಲ್‌ನಲ್ಲೇ, ಅಂದರೆ ತಳದಿಂದ ನೀರಿನೊಳಗೆ ಚಾಚಿದ ಭಾಗದಲ್ಲೇ ಇದೆ. ಆ ಭಾರವನ್ನು ಬೋಲ್ಟ್ ಹಾಕಿ ತೂಗುಬಿಟ್ಟಿಲ್ಲ, ಫೈಬರ್‌ಗ್ಲಾಸ್ ಒಳಗೇ ಮುಚ್ಚಿದ್ದಾರೆ. ಹಾಗಾಗಿ ಕೀಲ್ ಬೋಲ್ಟ್ ತುಕ್ಕು ಹಿಡಿಯುವ ಚಿಂತೆಯೇ ಇಲ್ಲ. ಇಷ್ಟು ಹಳೆಯ ದೋಣಿ ಇಟ್ಟುಕೊಂಡವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಗೊತ್ತಾ!

ಒಂಟಾರಿಯೋ ಸರೋವರದ ಅಲೆ ಸಮುದ್ರದ ಹಾಗಲ್ಲ. ಗಿಡ್ಡ, ಕಡಿದು, ಒಂದರ ಹಿಂದೆ ಒಂದು. ಅಗಲವಾದ ಚಪ್ಪಟೆ ತಳದ ದೋಣಿಗಳು ಇಂಥ ಅಲೆಯ ಮೇಲೆ ಧಡ್ ಧಡ್ ಅಂತ ಬೀಳುತ್ತವೆ. ಆಲ್ಬರ್ಗ್ ಸೀಳಿಕೊಂಡು ಹೋಗುತ್ತದೆ. ಟೊರೊಂಟೊದಿಂದ ನಯಾಗರಾ-ಆನ್-ದ-ಲೇಕ್‌ಗೆ ಸರೋವರ ಅಡ್ಡ ದಾಟಿ ಹೋಗುವಾಗ ಈ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಉದ್ದ ಕೀಲ್ ಇರುವುದರಿಂದ ದಿಕ್ಕು ಬಿಡುವುದಿಲ್ಲ. ಹಾಯಿ ಸರಿಯಾಗಿ ಹೊಂದಿಸಿ ಚುಕ್ಕಾಣಿ ಕಟ್ಟಿದರೆ, ಕೆಳಗೆ ಹೋಗಿ ಒಂದು ಕಾಫಿ ಮಾಡಿಕೊಂಡು ಬರಬಹುದು.

ಅದೇ ಕೀಲ್ ಡಾಕ್ ಹತ್ತಿರ ಬಂದಾಗ ಕಾಡುತ್ತದೆ. ರಿವರ್ಸ್‌ನಲ್ಲಿ ಚುಕ್ಕಾಣಿಯ ಮಾತು ಕೇಳುವುದಿಲ್ಲ, ಪ್ರೊಪೆಲ್ಲರ್ ಎಳೆದ ಕಡೆಗೆ ಹಿಂಭಾಗ ಹೋಗುತ್ತದೆ. ಇಕ್ಕಟ್ಟಾದ ಮರೀನಾದಲ್ಲಿ ಹಗ್ಗ ಹಿಡಿದು ತಿರುಗಿಸುವುದೇ ವಾಸಿ. ಇನ್ನೊಂದು ವಿಷಯ, ದೊಡ್ಡ ಹಾಯಿಯ ಬೂಮ್, ಅಂದರೆ ಹಾಯಿಯ ಕೆಳಗಿನ ಅಡ್ಡಕಂಬ, ಬಹಳ ಉದ್ದ. ಗಾಳಿ 15 ನಾಟ್ ದಾಟುತ್ತಿದ್ದಂತೆ ದೋಣಿ ಗಾಳಿಯ ಕಡೆಗೆ ತಿರುಗಲು ನೋಡುತ್ತದೆ, ಚುಕ್ಕಾಣಿ ಹಿಡಿದ ತೋಳು ಸೋಲುತ್ತದೆ. ಹಠ ಮಾಡದೆ ದೊಡ್ಡ ಹಾಯಿಯನ್ನು ಒಂದು ಮಡಿಕೆ ಇಳಿಸಿ. ವೇಗ ಕಡಿಮೆಯಾಗುವುದಿಲ್ಲ.

ಅಗಲ 8 ಅಡಿ 9 ಇಂಚು ಅಷ್ಟೆ. ನಾಲ್ಕು ಜನ ಮಲಗಬಹುದು, ಇಬ್ಬರಿಗೆ ಆರಾಮ. ಮಕ್ಕಳನ್ನು ಕರೆದುಕೊಂಡು ವಾರಗಟ್ಟಲೆ ಇರಬೇಕೆಂದರೆ ಬೇರೆ ದೋಣಿ ನೋಡಿ.

ಈ ದೋಣಿ ಎಷ್ಟು ಗಟ್ಟಿ ಅಂತ ಸಂಶಯ ಇದ್ದವರಿಗೆ ಕ್ವಿಬೆಕ್‌ನ ಈವ್ ಜೆಲಿನಾ ಅವರ ಕಥೆ ಹೇಳುತ್ತೇನೆ. 1981ರಲ್ಲಿ ಫ್ರಾನ್ಸ್‌ನ ಸೇಂಟ್ ಮಾಲೋದಿಂದ ಆಲ್ಬರ್ಗ್ 30ರಲ್ಲಿ ಒಬ್ಬರೇ ಹೊರಟರು. ದಕ್ಷಿಣ ಪೆಸಿಫಿಕ್‌ನಲ್ಲಿ ಹಾಯಿಕಂಬ ಮುರಿಯಿತು. ನ್ಯೂಜಿಲೆಂಡ್‌ನ ಚಾಥಮ್ ದ್ವೀಪಗಳಲ್ಲಿ ರಿಪೇರಿ ಮಾಡಿಕೊಂಡು, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ, 1983ರಲ್ಲಿ ಕ್ವಿಬೆಕ್‌ನ ಗ್ಯಾಸ್ಪೆ ತಲುಪಿದರು. ಹೊರಡುವ ಮುಂಚೆ ದೋಣಿಯನ್ನು ಸಾಕಷ್ಟು ಬಲಪಡಿಸಿದ್ದರು, ಅದೂ ನೆನಪಿರಲಿ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಹಾಯಿಕಂಬದ ಕೆಳಗಿನ ತೊಲೆ. ಕಂಬ ನಿಂತಿರುವುದು ಡೆಕ್ (ದೋಣಿಯ ಮೇಲ್ಹಾಸು) ಮೇಲೆ, ಅದರ ಒತ್ತಡವೆಲ್ಲ ಈ ತೊಲೆಗೆ ಬರುತ್ತದೆ. ಹಳೆಯ ದೋಣಿಗಳಲ್ಲಿ ಇದು ಪದರ ಪದರವಾಗಿ ಅಂಟಿಸಿದ ಮರ, ವಯಸ್ಸಾದಂತೆ ಬಿರುಕು ಬಿಡಬಹುದು. ಡೆಕ್ ಮೇಲೆ ಕಂಬದ ಸುತ್ತ ತಗ್ಗು ಕಂಡರೆ ಅನುಮಾನ ಪಡಿ. ಆಮೇಲೆ ಡೆಕ್ ಪೂರ್ತಿ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ದಬ್ ಅಂದರೆ ಒಳಗೆ ನೀರು ಕುಡಿದಿದೆ ಅಂತ ಅರ್ಥ. ಎಂಜಿನ್ ಹಳೆಯ ಆಟಾಮಿಕ್ 4 ಆಗಿದ್ದರೆ ಅದು ಪೆಟ್ರೋಲ್‌ದು. ಸ್ಟಾರ್ಟ್ ಮಾಡುವ ಮುಂಚೆ ಪ್ರತಿ ಸಲ ಬ್ಲೋಯರ್ ಫ್ಯಾನ್ ಹಾಕಿ ಒಳಗಿನ ಪೆಟ್ರೋಲ್ ಆವಿ ಹೊರಗೆ ಹಾಕಲೇಬೇಕು. ತಳದಲ್ಲಿ ನಿಂತ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ತೊಲೆ, ಡೆಕ್ ಎರಡೂ ಚೆನ್ನಾಗಿದ್ದರೆ ಎಂಜಿನ್ ಹಳೆಯದು ಅನ್ನುವ ಕಾರಣಕ್ಕೆ ದೋಣಿ ಬಿಡಬೇಡಿ. ಎಂಜಿನ್ ಬದಲಾಯಿಸಬಹುದು.