ಕೊಲೆ ಕಥೆಯ ಗುಂಪಿಗೆ ಯಾವ ಲಗಾಮು?

ನಮ್ಮ ಪತ್ತೇದಾರಿ ಕಾದಂಬರಿ ಓದುಗರ ಗುಂಪಿನಲ್ಲಿ ಅರವತ್ತು ಚಿಲ್ಲರೆ ಜನ. ಅಡ್ಮಿನ್ ನಾನೇ. ಮಾತು ಹಳಿ ತಪ್ಪದಿರಲಿ ಅಂತ ಎರಡು ವರ್ಷದಲ್ಲಿ ಮೂರು ದಾರಿ ಹಿಡಿದು ನೋಡಿದೆ.

ಮೊದಲು ವಾಟ್ಸಾಪ್, ಬರೀ ನಿಯಮದ ಮೇಲೆ. "ಕಥೆ ಬಿಟ್ಟು ಬೇರೆ ಮಾತು ಬೇಡ" ಅಂತ ಗುಂಪಿನ ವಿವರಣೆಯಲ್ಲಿ ಬರೆದಿಟ್ಟೆ. ಯಾರು ಓದುತ್ತಾರೆ? ಶುಭೋದಯದ ಹೂವಿನ ಚಿತ್ರ ಬಂದರೆ ಅಳಿಸಿದರಾಯಿತು. ಕಷ್ಟವಾಗಿದ್ದು ವಿಷಯದ ಪಕ್ಕದಲ್ಲೇ ಕೂತ ಮಾತು. ಟಿವಿಯಲ್ಲಿ ನಿಜವಾದ ಕೊಲೆಯ ಸುದ್ದಿ ಬಂದ ದಿನ ಎಲ್ಲರೂ ಪತ್ತೇದಾರರೇ. "ಗಂಡನೇ ಮಾಡಿರ್ತಾನೆ, ಬರೆದಿಟ್ಕೊಳ್ಳಿ" ಅಂತ ಒಬ್ಬರು. ಕಾದಂಬರಿಯ ಗಂಡನ ಮೇಲೆ ಅನುಮಾನ ಪಟ್ಟರೆ ಮಜಾ. ಯಾರದೋ ಮನೆಯ ಗಂಡನ ಮೇಲೆ ಅಂದರೆ? ಅವತ್ತು ರಾತ್ರಿ ಊಟ ಬಿಟ್ಟು ಒಂದೊಂದೇ ಮೆಸೇಜ್ ಅಳಿಸುತ್ತಾ ಕೂತಿದ್ದೆ.

ಆಮೇಲೆ ಟೆಲಿಗ್ರಾಂ. ಅಲ್ಲಿ 2022ರಿಂದ ಒಂದೇ ಗುಂಪಿನೊಳಗೆ ಬೇರೆ ಬೇರೆ ಟಾಪಿಕ್ ತೆರೆಯಬಹುದು. ಒಂದೊಂದು ಕಾದಂಬರಿಗೆ ಒಂದೊಂದು, ಹರಟೆಗೆ 'ಜಗಲಿ'. ನನಗೆ ಜಾಸ್ತಿ ಹಿಡಿಸಿದ್ದು ಸ್ಪಾಯ್ಲರ್ ಸೌಲಭ್ಯ: ಕೊಲೆಗಾರನ ಹೆಸರನ್ನು ಮಾತ್ರ ಮಸುಕು ಮಾಡಬಹುದು, ಬೇಕಾದವರು ಮುಟ್ಟಿ ನೋಡುತ್ತಾರೆ. ವಾಟ್ಸಾಪ್‌ನಲ್ಲಿದ್ದಾಗ ಸಾಲಿಗೊಂದು ಚುಕ್ಕಿ ಇಟ್ಟು ಹೆಸರನ್ನು ಕೆಳಗೆ ತಳ್ಳುತ್ತಿದ್ದೆವು. ಒಬ್ಬರು ನಾಲ್ಕೇ ಚುಕ್ಕಿ ಇಟ್ಟು ಎಲ್ಲರ ಓದು ಕೆಡಿಸಿದ್ದೂ ಉಂಟು. ಜಗಳ ಕಾವೇರಿದಾಗ ಸ್ಲೋ ಮೋಡ್ ಹಾಕಿ, ಒಂದು ಮೆಸೇಜ್ ಹಾಕಿದವರು ಐದು ನಿಮಿಷ ಕಾಯುವಂತೆ ಮಾಡಿದೆ. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಆದರೆ ವಾಟ್ಸಾಪ್ ಬಿಟ್ಟು ಬಂದವರು ಇಪ್ಪತ್ಮೂರೇ ಜನ. ಬಂದವರಲ್ಲೂ ಮುಕ್ಕಾಲು ಪಾಲು ಜಗಲಿಯಲ್ಲೇ!

ಈಗ ಮತ್ತೆ ವಾಟ್ಸಾಪ್, ಈ ಸಲ ಬೀಗ ಹಾಕಿ. ವಾರವಿಡೀ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್. ಭಾನುವಾರ ಸಂಜೆ ಏಳರಿಂದ ಒಂಬತ್ತು ಎಲ್ಲರಿಗೂ ಬಿಡುವುದು. ಒಂದೇ ಕಾದಂಬರಿ, ಇಷ್ಟನೇ ಪುಟದವರೆಗೆ ಅಂತ ಮೊದಲೇ ಹೇಳಿರುತ್ತೇನೆ. ಇರುವುದೇ ಎರಡು ಗಂಟೆ, ಟಿವಿ ಸುದ್ದಿ ಎತ್ತಿದರೆ ನಾನು ಹೇಳುವ ಮೊದಲೇ ಉಳಿದವರು ಸುಮ್ಮನಾಗಿಸುತ್ತಾರೆ. ನಷ್ಟವೂ ಇದೆ. ಬುಧವಾರ ರಾತ್ರಿ ಪುಸ್ತಕ ಮುಗಿಸಿದವರು ನಾಲ್ಕು ದಿನ ಬಾಯಿ ಕಟ್ಟಿಕೊಂಡಿರಬೇಕು, ಪಾಪ.

ಎಲ್ಲರೂ ಬರುವುದಾದರೆ ನನ್ನ ಓಟು ಈಗಲೂ ಟೆಲಿಗ್ರಾಂಗೇ. ನಮ್ಮವರಿಗೆ ಮಾತ್ರ ಬೀಗವೇ ಸರಿ. ಕಳೆದ ಭಾನುವಾರ ಆರೂ ಐವತ್ತೈದಕ್ಕೇ ಒಬ್ಬರು ಖಾಸಗಿಯಾಗಿ ಮೆಸೇಜ್ ಹಾಕಿದ್ದರು: "ಬೇಗ ಬಾಗಿಲು ತೆಗೀರಿ ಸಾರ್, ನಂಗೆ ಅಡುಗೆಯವನ ಮೇಲೇ ಡೌಟು."