ಮಿಲಿಟರಿ ದಾಖಲೆ ತಿದ್ದಿಸಬೇಕಾ? ಮೈಸೂರಿನ ಸುಬೇದಾರ್ ಸಾಹೇಬರನ್ನು ನೋಡಿ

ನಿಮ್ಮ ಮನೆಯಲ್ಲೂ ನಿವೃತ್ತ ಸೈನಿಕರಿದ್ದು, ಸೈನ್ಯ ಬಿಡುವಾಗ ಸೇವೆಯ ವಿವರ ಬರೆದುಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಅವರಿಗೆ ಸಿಗಬೇಕಾಗಿದ್ದ ಮೆಡಲ್ ಬಿಟ್ಟುಹೋಗಿದ್ದರೆ, ಮೈಸೂರು ಕೋರ್ಟ್ ಹತ್ತಿರ ಕೂರುವ ಈ ಸುಬೇದಾರ್ ಸಾಹೇಬರನ್ನು ಮೊದಲು ನೋಡಿ. ಲಾಯರ್ ಆಮೇಲೆ. ಏಜೆಂಟ್ ಅಂತೂ ಬೇಡವೇ ಬೇಡ.

ಅವರ ಹೆಸರು, ಫೋನ್ ನಂಬರ್ ಇಲ್ಲಿ ಹಾಕುತ್ತಿಲ್ಲ. ಅವರೇ ಬೇಡ ಅಂದರು. ಕೆಲಸ ಮಾಡುವವರು ಅವರೊಬ್ಬರೇ, ಇಡೀ ದಿನ ಫೋನ್ ಎತ್ತುತ್ತಾ ಕೂತರೆ ಟೈಪ್ ಮಾಡುವವರು ಯಾರು? ಬೋರ್ಡ್ ಕೂಡ ಇಲ್ಲ. ಕೃಷ್ಣರಾಜ ಬುಲೆವಾರ್ಡ್ ಕಡೆಯಿಂದ ಬಂದು ಯಾವ ಝೆರಾಕ್ಸ್ ಅಂಗಡಿಯಲ್ಲಾದರೂ ‘ಮಿಲಿಟರಿ ಪೇಪರ್ ಮಾಡೋ ಸುಬೇದಾರ್ರು’ ಅಂತ ಕೇಳಿ, ತೋರಿಸುತ್ತಾರೆ. ಮೊದಲನೇ ಮಹಡಿ. ಒಂದು ಟೇಬಲ್, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಕುರ್ಚಿ. ಅಷ್ಟೇ.

ಅವರ ದಿನದ ಕೆಲಸ ಪಿಂಚಣಿಯದ್ದು. ಸ್ಪರ್ಶ್ ಪೋರ್ಟಲ್‌ನಲ್ಲಿ ಜೀವನ ಪ್ರಮಾಣ ಪತ್ರ ಹಾಕುವುದು, ಹೆಂಡತಿಯ ಹೆಸರು ತಪ್ಪಿದ್ದರೆ ಸರಿ ಮಾಡಿಸುವುದು, ನಿವೃತ್ತ ಸೈನಿಕರ ಚಿಕಿತ್ಸಾ ಯೋಜನೆಯಾದ ಇಸಿಎಚ್‌ಎಸ್ ಕಾರ್ಡಿನ ಅರ್ಜಿ ಇಂಥವು. ನಾವು ಹೋದದ್ದು ಬೇರೆ ಕೆಲಸಕ್ಕೆ.

ನಮ್ಮಪ್ಪ ಮಂಡ್ಯ ಜಿಲ್ಲೆಯವರು. 1966ರಲ್ಲಿ ಸೈನ್ಯಕ್ಕೆ ಸೇರಿದರು, ಎಂಜಿನಿಯರ್ಸ್‌ನಲ್ಲಿ ಸ್ಯಾಪರ್. 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ, ಶಕರ್‌ಗಢ ಸೆಕ್ಟರ್‌ನಲ್ಲಿದ್ದರು. ಆ ಕಡೆಯ ಕಾಳಗ ಅಂದರೆ ಬಹಳ ಜನಕ್ಕೆ ನೆನಪಾಗುವುದು ಬಸಂತರ್ ನದಿ, ಡಿಸೆಂಬರ್ 16ರಂದು ಟ್ಯಾಂಕಿನಲ್ಲೇ ಪ್ರಾಣ ಕೊಟ್ಟ ಅರುಣ್ ಖೇತ್ರಪಾಲ್, ಅವರಿಗೆ ಬಂದ ಪರಮವೀರ ಚಕ್ರ. ಆದರೆ ಆ ಟ್ಯಾಂಕುಗಳು ಮುಂದೆ ಹೋಗಬೇಕಾದರೆ ಯಾರಾದರೂ ಮೊದಲು ನೆಲದಲ್ಲಿ ಹೂತಿಟ್ಟ ಮೈನ್ ತೆಗೆದು ದಾರಿ ಮಾಡಬೇಕಲ್ವಾ? ಅದು ಸ್ಯಾಪರ್‌ಗಳ ಕೆಲಸ. ಬಸಂತರ್‌ನಲ್ಲಿ ಆ ಕೆಲಸ ಮಾಡಿದ 9 ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅಪ್ಪನ ಯೂನಿಟ್ಟು ಬೇರೆ, ಕೆಲಸ ಅದೇ. ಕತ್ತಲಲ್ಲಿ ಮೈನ್ ತೆಗೆದು, ತೆಗೆದ ಜಾಗದ ಎರಡೂ ಬದಿಗೆ ಬಿಳಿ ಪಟ್ಟಿ ಎಳೆದುಕೊಂಡು ಹೋಗುವುದು. ಹಾಗೆ ಹೋಗುವಾಗ ಪಕ್ಕದಲ್ಲೇ ಒಂದು ಮೈನ್ ಸಿಡಿದು ಎಡಗಾಲಿನ ಮೀನಖಂಡಕ್ಕೆ ಚೂರು ಹೊಕ್ಕಿತು. ಪಠಾಣ್‌ಕೋಟ್‌ನ ಮಿಲಿಟರಿ ಆಸ್ಪತ್ರೆಗೆ ಸಾಗಿಸಿದರು.

ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ಮೆಡಲ್ ಅಂತ ಇರುವುದು ಮೂರು. 1971ರ ಯುದ್ಧದ ಕಾಲದ ಸೇವೆಗೆ ಕೊಟ್ಟ ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 9 ವರ್ಷದ ಸೇವಾ ಮೆಡಲ್. 1971ರಲ್ಲಿ ಪಶ್ಚಿಮ ರಂಗದಲ್ಲಿ ಇದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಇಲ್ಲ. ಪೂರ್ವ ರಂಗದವರಿಗೆ ಪೂರ್ವಿ ಸ್ಟಾರ್ ಇದ್ದ ಹಾಗೆ, ಅಲ್ಲಿದ್ದೆ ಅನ್ನುವುದಕ್ಕೆ ಇದೇ ಗುರುತು. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರಾಕ್ರಮ ಪದಕವೂ ಇಲ್ಲ.

ಅಪ್ಪ ಇದನ್ನು ಎಷ್ಟೋ ವರ್ಷ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. 2021ರಲ್ಲಿ ಯುದ್ಧಕ್ಕೆ 50 ವರ್ಷ ತುಂಬಿತು, ಸ್ವರ್ಣಿಮ ವಿಜಯ ವರ್ಷ ಅಂತ ಎಲ್ಲ ಕಡೆ ಯೋಧರಿಗೆ ಸನ್ಮಾನ ಆಯಿತು. ಒಂದು ಕಡೆ ಪಟ್ಟಿ ಬರೆದುಕೊಳ್ಳುತ್ತಿದ್ದ ಹುಡುಗ ಬುಕ್ ನೋಡಿ, ‘ತಾತ, ನೀವು ಯುದ್ಧದ ಜಾಗದಲ್ಲಿ ಇದ್ರಿ ಅಂತ ಇದರಲ್ಲಿ ಇಲ್ಲವಲ್ಲ’ ಅಂದ. ಅವನ ತಪ್ಪೇನಿಲ್ಲ, ಇದ್ದದ್ದನ್ನು ಹೇಳಿದ. ಮನೆಗೆ ಬಂದ ಮೇಲೆ ಅಪ್ಪ ನನ್ನ ಹತ್ತಿರ ಅಂದರು, ‘ನಂಗೆ ಮೆಡ್ಲು ಗಿಡ್ಲು ಬ್ಯಾಡ ಕಣವ್ವ. ಅಲ್ಲಿದ್ದ ಅಂತ ಒಂದು ಸಾಲು ಬರ್ಕೊಟ್ರೆ ಸಾಕು.’

ಮೊದಲು ನಾವು ಹೋದದ್ದು ಒಬ್ಬ ಏಜೆಂಟ್ ಹತ್ತಿರ. ಎಲ್ಲಿ, ಯಾರು ಅಂತ ಬರೆಯುವುದಿಲ್ಲ. ಎಂಟು ಸಾವಿರ ತೆಗೆದುಕೊಂಡು ರಾಷ್ಟ್ರಪತಿಗಳಿಗೆ ನಾಲ್ಕು ಪುಟದ ಮನವಿ ಬರೆದುಕೊಟ್ಟರು. ಅದರಲ್ಲಿ ತಾಯ್ನಾಡು, ರಕ್ತ, ತ್ಯಾಗ ಎಲ್ಲ ಇತ್ತು. ಅಪ್ಪನ ಆರ್ಮಿ ನಂಬರ್ ಒಂದೇ ಇರಲಿಲ್ಲ. ವಯಸ್ಸಾದ ಸೈನಿಕರ ಆಸೆಯ ಮೇಲೆ ಹೀಗೆ ದುಡ್ಡು ಮಾಡುವವರನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸುಬೇದಾರ್ ಸಾಹೇಬರು ಆ ನಾಲ್ಕು ಪುಟವನ್ನು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. ‘ಮೆಡಲ್ ಕೇಳಬೇಡಿ ತಾಯಿ, ದಾಖಲೆ ಕೇಳಿ. ದಾಖಲೆ ಸರಿಹೋದರೆ ಮೆಡಲ್ ಅದರ ಹಿಂದೆ ಬರುತ್ತೆ’ ಅಂದರು. ನಾವು ಅವರಿಗೆ ಕೊಟ್ಟ ದುಡ್ಡಿಗೆ ಈ ಒಂದು ಮಾತೇ ಸಾಕಾಗಿತ್ತು.

ಅವರು ಸೈನ್ಯದಲ್ಲಿ ಇದ್ದಿದ್ದೇ ಕ್ಲರ್ಕ್ ಆಗಿ. ಹಾಗಾಗಿ ಕಾಗದ ಹೇಗೆ ಹುಟ್ಟುತ್ತದೆ, ಎಲ್ಲಿ ತಪ್ಪಿಹೋಗುತ್ತದೆ ಅನ್ನುವುದು ಅವರಿಗೆ ಗೊತ್ತು. ಸೈನಿಕನೊಬ್ಬ ಒಂದು ಯೂನಿಟ್ಟಿಗೆ ಬಂದ, ಹೋದ, ರಜೆ ಮೇಲೆ ಹೊರಟ, ಆಸ್ಪತ್ರೆ ಸೇರಿದ, ಮದುವೆಯಾದ, ಹೀಗೆ ಪ್ರತಿಯೊಂದಕ್ಕೂ ಯೂನಿಟ್ಟಿನಲ್ಲಿ ‘ಪಾರ್ಟ್ ಟು ಆರ್ಡರ್’ ಹೊರಡುತ್ತದೆ. ಅದರ ಪ್ರತಿ ಆ ದಳದ ರೆಕಾರ್ಡ್ ಆಫೀಸಿಗೆ ಹೋಗಿ, ಅಲ್ಲಿ ಅವನ ಲೆಕ್ಕಕ್ಕೆ ಸೇರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರದ್ದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದ್ದು ವೆಲ್ಲಿಂಗ್ಟನ್‌ನಲ್ಲಿ, ಫಿರಂಗಿ ದಳದ್ದು ನಾಸಿಕ್‌ನಲ್ಲಿ, ಯಂತ್ರ, ವಾಹನ ರಿಪೇರಿ ಮಾಡುವ ಇಎಂಇ ದಳದ್ದು ಸಿಕಂದರಾಬಾದಿನಲ್ಲಿ. ಬರೆಯಬೇಕಾದದ್ದು ಅಲ್ಲಿಗೆ, ದೆಹಲಿಗೆ ಅಲ್ಲ.

ಅಪ್ಪನ ವಿಷಯದಲ್ಲಿ ಆಗಿದ್ದು ಏನು ಅಂತ ಅವರು ಬುಕ್ ನೋಡಿಯೇ ಊಹಿಸಿದರು. ಯುದ್ಧಕ್ಕೆ ಸ್ವಲ್ಪ ಮುಂಚೆ ಅಪ್ಪನನ್ನು ಇನ್ನೊಂದು ಯೂನಿಟ್ಟಿಗೆ ತಾತ್ಕಾಲಿಕವಾಗಿ ಸೇರಿಸಿದ್ದರು. ಗಾಯವಾಗಿ ಆಸ್ಪತ್ರೆಗೆ ಹೋದ ಮೇಲೆ ಆ ಯೂನಿಟ್ಟಿನ ಲೆಕ್ಕದಿಂದ ಹೆಸರು ಹೋಯಿತು. ವಾಸಿಯಾಗಿ ಬಂದದ್ದು ಮತ್ತೊಂದು ಕಡೆಗೆ. ಮೆಡಲ್‌ಗೆ ಹೆಸರು ಕಳಿಸುವಾಗ ಈ ಯೂನಿಟ್ಟಿನವರು ಆ ಯೂನಿಟ್ಟಿನವರು ಕಳಿಸುತ್ತಾರೆ ಅಂದುಕೊಂಡರು, ಅವರು ಇವರು ಅಂದುಕೊಂಡರು. ಇನ್ನು ಪರಾಕ್ರಮ ಪದಕ ಶುರುವಾದದ್ದೇ 1973ರಲ್ಲಿ. 1947ರ ಆಗಸ್ಟ್ 15ರಿಂದ ಈಚೆಗೆ ಗಾಯಗೊಂಡವರಿಗೂ ಅದು ಸಲ್ಲುತ್ತದೆ, ಆದರೆ ಅಷ್ಟು ಹೊತ್ತಿಗೆ ಅಪ್ಪನ ಆಸ್ಪತ್ರೆ ಕಾಗದ ಯಾರ ಮುಂದೆಯೂ ಇರಲಿಲ್ಲ.

ಆಮೇಲೆ ಅವರು ಒಂದು ಭೂತಗನ್ನಡಿ ತೆಗೆದು ಬುಕ್ಕಿನ ಆರಂಭದ ಪುಟಕ್ಕೆ ಹಿಡಿದರು. ನಾನು ಆ ಪುಟವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎತ್ತರ, ಕಣ್ಣಿನ ಬಣ್ಣ, ಗುರುತಿನ ಚಿಹ್ನೆ ಬರೆದಿರುವ ಪುಟ. ಗುರುತಿನ ಚಿಹ್ನೆ ಅನ್ನುವ ಕಡೆ ನೀಲಿ ಶಾಯಿಯಲ್ಲಿ, ಎಡಗಾಲಿನ ಮೀನಖಂಡದಲ್ಲಿ ಗಾಯದ ಕಲೆ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ‘ಹವಾಲ್ದಾರ್ ಸಾಬ್, ಭರ್ತಿಯಾಗುವಾಗ ನಿಮಗೆ ಈ ಕಲೆ ಇತ್ತಾ?’ ಅಂತ ಕೇಳಿದರು. ಅಪ್ಪ, ‘ಎಲ್ಲಿತ್ತು ಸಾಬ್, ಆಗ ಕೆನ್ನೇಲಿ ಒಂದು ಮಚ್ಚೆ ಬರ್ಕೊಂಡಿದ್ರು’ ಅಂದರು. ಭರ್ತಿ ಸಮಯದ ಫಾರಂನಲ್ಲೂ ಗುರುತಿನ ಚಿಹ್ನೆ ಬರೆದಿರುತ್ತಾರೆ, ಅದು ರೆಕಾರ್ಡ್ ಆಫೀಸಿನಲ್ಲೇ ಇರುತ್ತದೆ. ಸೇರುವಾಗ ಇಲ್ಲದ ಕಲೆ ಬಿಡುವಾಗ ಇದೆ, ಎರಡನ್ನೂ ಬರೆದದ್ದು ಸೈನ್ಯವೇ. ‘ನಾವು ಹೇಳೋದು ಬೇಡ, ಎರಡೂ ಕಾಗದ ಪಕ್ಕದಲ್ಲಿ ಇಟ್ಟು ನೋಡಿ ಅಂತ ಬರೆಯೋಣ’ ಅಂದರು. ನಲವತ್ತು ವರ್ಷ ನಮ್ಮ ಮನೆಯ ಟ್ರಂಕಿನಲ್ಲಿದ್ದ ಸಾಕ್ಷಿ ಅದು. ಕೆಲಸ ಬಲ್ಲವರ ಕಣ್ಣು ಅಂದರೆ ಇದೇ.

ಅವರು ಬರೆದ ಅರ್ಜಿ ಒಂದೂವರೆ ಪುಟ. ನಂಬರ್, ಹುದ್ದೆ, ಹೆಸರು, ಯೂನಿಟ್ಟು, ಯಾವ ತಾರೀಖಿನಿಂದ ಯಾವ ತಾರೀಖಿಗೆ ಎಲ್ಲಿ, ಏನು ಬಿಟ್ಟುಹೋಗಿದೆ, ಏನು ತಿದ್ದಬೇಕು. ಹೊಗಳಿಕೆ ಇಲ್ಲ, ಅಳು ಇಲ್ಲ. ಸ್ಟಾರ್‌ಗೆ ಒಂದು, ಗಾಯದ ಪದಕಕ್ಕೆ ಇನ್ನೊಂದು, ಬೇರೆ ಬೇರೆ ಅರ್ಜಿ. ಒಂದೇ ಕಾಗದದಲ್ಲಿ ಎರಡು ಕೇಳಿದರೆ ಕಷ್ಟದ ವಿಷಯಕ್ಕೆ ಸುಲಭದ ವಿಷಯವೂ ತಗುಲಿಕೊಂಡು ನಿಲ್ಲುತ್ತದೆ ಅಂತ. ಅದಕ್ಕೂ ಮೊದಲು ಮಾಹಿತಿ ಹಕ್ಕು ಕಾಯ್ದೆಯಲ್ಲಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಅಪ್ಪನದೇ ಪಾರ್ಟ್ ಟು ಆರ್ಡರ್‌ಗಳ ನಕಲು ಕೇಳಿದರು. 1971ರ ನವೆಂಬರ್‌ನಿಂದ 1972ರ ಮಾರ್ಚ್‌ವರೆಗೆ ಮಾತ್ರ. ಇಡೀ ಸೇವೆಯದ್ದು ಕೇಳಿದರೆ ಹುಡುಕುವವರಿಗೂ ಕಷ್ಟ, ನಮಗೂ ತಡ. ಅರ್ಜಿಯ ಒಂದು ಪ್ರತಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಗೆ ಕೊಡಿಸಿದರು.

ಇನ್ನೊಂದು ವಿಷಯಕ್ಕೆ ನಾನು ಅವರನ್ನು ಮೆಚ್ಚುತ್ತೇನೆ. ಪಶ್ಚಿಮಿ ಸ್ಟಾರ್ ಬಂದರೆ ಪಿಂಚಣಿ ಒಂದು ರೂಪಾಯಿಯೂ ಜಾಸ್ತಿ ಆಗುವುದಿಲ್ಲ ಅಂತ ಮೊದಲ ದಿನವೇ ಹೇಳಿದರು. ಗಾಯಕ್ಕೆ ಸಂಬಂಧಪಟ್ಟ ಪಿಂಚಣಿ ಬೇರೆ ದಾರಿ, ಅದಕ್ಕೆ ಮೆಡಿಕಲ್ ಬೋರ್ಡ್ ಕಾಗದ ಬೇಕು, ಎರಡನ್ನೂ ಕಲಸಬೇಡಿ ಅಂದರು. ಕೋರ್ಟಿನ ಮಾತು ನಾನೇ ಎತ್ತಿದೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅಂತ 2007ರ ಕಾಯ್ದೆಯಿಂದ ಆಗಿದೆ, ಕರ್ನಾಟಕದವರು ಕೊಚ್ಚಿ ಪೀಠಕ್ಕೆ ಹೋಗಬೇಕು. ‘ಆಗಲ್ಲ ಅಂತ ಆಫೀಸಿನಿಂದ ಬರೆದು ಕೊಡಲಿ, ಆಮೇಲೆ ನೋಡೋಣ’ ಅಂತ ತಡೆದರು. ಆಸೆ ಹುಟ್ಟಿಸಿ ದುಡ್ಡು ಎಳೆಯಬಹುದಾಗಿದ್ದ ಜಾಗದಲ್ಲಿ ಹೀಗೆ ಹೇಳುವವರು ಎಷ್ಟು ಜನ ಇದ್ದಾರೆ?

ಟೈಪಿಂಗ್, ಪೋಸ್ಟ್, ನಕಲು ಎಲ್ಲ ಸೇರಿ ನಮ್ಮಿಂದ ತೆಗೆದುಕೊಂಡದ್ದು ಆರುನೂರು ರೂಪಾಯಿ.

ಪಾರ್ಟ್ ಟು ಆರ್ಡರ್ ನಕಲು ಬಂತು. ಸುಬೇದಾರ್ ಸಾಹೇಬರು ಊಹಿಸಿದ್ದ ಹಾಗೆಯೇ ಅಪ್ಪನನ್ನು ಆ ಯೂನಿಟ್ಟಿಗೆ ಸೇರಿಸಿದ್ದು, ಗಾಯವಾಗಿ ಹಿಂದಕ್ಕೆ ಕಳಿಸಿದ್ದು ಎರಡೂ ಇದ್ದವು. ಅದನ್ನು ಹಚ್ಚಿ ಅರ್ಜಿ ಹೋಯಿತು. ಕಾಯಬೇಕಾಯಿತು, ಮಧ್ಯೆ ಎರಡು ಸಲ ನೆನಪಿನ ಪತ್ರ ಹೋಯಿತು. ಕೊನೆಗೆ ದಾಖಲೆಯಲ್ಲಿ ಪಶ್ಚಿಮಿ ಸ್ಟಾರ್ ಸೇರಿಸಲಾಗಿದೆ ಅಂತ ಪತ್ರ ಬಂತು, ಸ್ವಲ್ಪ ದಿನ ಬಿಟ್ಟು ಸ್ಟಾರೂ ಬಂತು. ಅಪ್ಪ ಸ್ಟಾರ್ ಡಬ್ಬಿಯನ್ನು ಮೊಮ್ಮಗನ ಕೈಗೆ ಕೊಟ್ಟರು. ಪತ್ರವನ್ನು ಮಾತ್ರ ಯಾರಿಗೂ ಕೊಡಲಿಲ್ಲ, ಲ್ಯಾಮಿನೇಷನ್ ಮಾಡಿಸಿಕೊಂಡು ಬಾ ಅಂದರು. ಪರಾಕ್ರಮ ಪದಕದ ಅರ್ಜಿ ಇನ್ನೂ ನಡೆಯುತ್ತಿದೆ. ಅಂದಿನ ಆಸ್ಪತ್ರೆ ಕಾಗದವನ್ನು ಹುಡುಕುತ್ತಿದ್ದಾರೆ.

ಕೊರತೆಗಳನ್ನೂ ಹೇಳಬೇಕು. ಮೆಟ್ಟಿಲು ಬಹಳ ಕಡಿದು, ಒಂದು ಕಡೆ ಮಾತ್ರ ಕಂಬಿ. ಎಪ್ಪತ್ತು ಎಂಬತ್ತು ವರ್ಷದವರೇ ಬರುವ ಜಾಗಕ್ಕೆ ಇದು ಸರಿಯಲ್ಲ. ಕೆಳಗೆ ಎಲ್ಲಾದರೂ ಟೇಬಲ್ ಹಾಕಿಕೊಳ್ಳಿ ಅಂತ ಅವರಿಗೇ ಹೇಳಿದ್ದೇನೆ, ಬಾಡಿಗೆ ಕಟ್ಟಲು ಆಗುವುದಿಲ್ಲ ಅನ್ನುತ್ತಾರೆ. ರಸೀದಿ ಕೊಡುವುದಿಲ್ಲ. ಕೆಲಸ ನಿಧಾನ, ಒಂದೊಂದು ತಾರೀಖನ್ನೂ ಎರಡೆರಡು ಸಲ ನೋಡುತ್ತಾರೆ. ಮಧ್ಯೆ ಯಾರಾದರೂ ಮಾತಾಡಿಸಿದರೆ ಗದರುತ್ತಾರೆ, ನನ್ನನ್ನೂ ಗದರಿದ್ದಾರೆ. ಅರ್ಜಿ ಇಂಗ್ಲಿಷಿನಲ್ಲೇ ಇರುತ್ತದೆ. ಅಪ್ಪ ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕುವುದಿಲ್ಲ ಅಂದಾಗ ಮಾತ್ರ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಎಲ್ಲರಿಗೂ ಕೇಳದೆಯೇ ಹೀಗೆ ಹೇಳಬೇಕು ಅನ್ನುವುದು ನನ್ನ ಬಿನ್ನಹ.

ಹೋಗುವವರು ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ), ಆಧಾರ್ ಅಸಲನ್ನೇ ಒಯ್ಯಿರಿ, ಮೊಬೈಲಿನಲ್ಲಿ ತೆಗೆದ ಫೋಟೋ ಅವರು ಮುಟ್ಟುವುದಿಲ್ಲ. ಹಳೇ ಪತ್ರ, ಯೂನಿಟ್ಟಿನ ಫೋಟೋ, ಆಸ್ಪತ್ರೆ ಚೀಟಿ ಏನಿದ್ದರೂ ಸುಮ್ನೆ ಜೊತೆಗಿಟ್ಟುಕೊಳ್ಳಿ. ಸೈನಿಕರು ತೀರಿಕೊಂಡಿದ್ದರೆ ಅವರ ಹೆಂಡತಿಯ ಹೆಸರಿನಲ್ಲೂ ಅರ್ಜಿ ಬರೆಯುತ್ತಾರೆ, ನಾವು ಹೋದಾಗ ಪಾಂಡವಪುರ ಕಡೆಯ ಒಬ್ಬ ಅಜ್ಜಿ ಅದಕ್ಕೇ ಬಂದಿದ್ದರು. ಮಂಡ್ಯದಿಂದ ಬರುವವರು ಬೆಳಗಿನ ರೈಲು ಹಿಡಿದರೆ ಒಳ್ಳೆಯದು. ಹನ್ನೊಂದು ಗಂಟೆ ಮೇಲೆ ಕೂರಲು ಕುರ್ಚಿ ಸಿಗುವುದಿಲ್ಲ, ಮಂಗಳವಾರ ರಜೆ.